ತಿಕೋಟಾದ ಬೋರು, ಅಮೆರಿಕದ ಬಯಲು

ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಬೋರ್‌ವೆಲ್ ಬತ್ತಿದರೆ ಎಲ್ಲರೂ ದೂರುವುದು ಮಳೆಯನ್ನೇ. ಆದರೆ ಅಂತರ್ಜಲ ಪಾತಾಳ ಕಂಡದ್ದರಲ್ಲಿ ಅಗ್ಗದ ವಿದ್ಯುತ್ತಿನ ಪಾಲೂ ದೊಡ್ಡದಿದೆ ಎಂದೇ ನನ್ನ ವಾದ. ಎತ್ತು ಕಟ್ಟಿ ತೊಗಲಿನ ಚೀಲದಲ್ಲಿ ನೀರೆತ್ತುವಾಗ ಎತ್ತಿಗೆ ದಣಿವಾದರೆ ಬಾವಿಗೂ ವಿಶ್ರಾಂತಿ ಸಿಗುತ್ತಿತ್ತು. ಆಮೇಲೆ ಬಂದ ಡೀಸೆಲ್ ಎಂಜಿನ್ನಿಗೆ ದಣಿವಿರಲಿಲ್ಲ, ಆದರೆ ಮೇಲೆ ಕೂತು ನೀರು ಹೀರುವ ಪಂಪು ಏಳೆಂಟು ಮೀಟರಿಗಿಂತ ಕೆಳಗಿನ ನೀರನ್ನು ಎಳೆಯಲಾರದು. ಗಾಳಿಯ ಒತ್ತಡಕ್ಕೆ ಇರುವ ಬಲವೇ ಅಷ್ಟು. ಹಾಗಾಗಿ ಪಂಪನ್ನೇ ಬಾವಿಯೊಳಗೆ ಇಳಿಸಿ ಕೂಡಿಸಬೇಕಾಗುತ್ತಿತ್ತು. ನೀರಿನಲ್ಲೇ ಮುಳುಗಿದ್ದು ಕೆಳಗಿನಿಂದ ಮೇಲಕ್ಕೆ ತಳ್ಳುವ ಸಬ್‌ಮರ್ಸಿಬಲ್ ಮೋಟಾರು ಈ ಮಿತಿಯನ್ನು ಮುರಿಯಿತು. ಇಲ್ಲಿನ ಕರಿಕಲ್ಲಿನ ಬಿರುಕುಗಳಲ್ಲಿ ಮಾತ್ರ ನಿಲ್ಲುವ ನೀರನ್ನು ನೂರಾರು ಅಡಿ ಆಳದಿಂದ ತೆಗೆಯುವುದು ಆಗ ಸಾಧ್ಯವಾಯಿತು. ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತುವುದಕ್ಕೂ 100 ಮೀಟರ್ ಎತ್ತುವುದಕ್ಕೂ ಬೇಕಾದ ಶಕ್ತಿಯಲ್ಲಿ ಹತ್ತು ಪಟ್ಟು ಅಂತರವಿದೆ. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ಆ ಅಂತರ ರೈತನ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಅಮೆರಿಕದ ಬಯಲುಸೀಮೆ ಇದೇ ದಾರಿಯಲ್ಲಿ ಮೊದಲೇ ನಡೆದಿದೆ. 1854ರಲ್ಲಿ ಡೇನಿಯಲ್ ಹ್ಯಾಲಡೆ ರೂಪಿಸಿದ ಗಾಳಿಯಂತ್ರ ದನಕರುಗಳಿಗೂ ಮನೆಗೂ ಸಾಲುವಷ್ಟು ನೀರೆತ್ತುತ್ತಿತ್ತು. 1930ರ ದಶಕದ ನಡುವಿನಲ್ಲೂ ಅಲ್ಲಿ ವಿದ್ಯುತ್ ಇದ್ದ ಹೊಲಮನೆಗಳು ಹತ್ತಕ್ಕೊಂದು ಮಾತ್ರ. 1935ರಲ್ಲಿ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಸರ್ಕಾರಿ ಸಂಸ್ಥೆ ಹುಟ್ಟಿತು. ಎರಡನೇ ಮಹಾಯುದ್ಧದ ನಂತರ ಅಗ್ಗದ ನೈಸರ್ಗಿಕ ಅನಿಲ, ವಿದ್ಯುತ್ತು, ದೊಡ್ಡ ಪಂಪುಗಳು ಒಟ್ಟಾಗಿ ಎಂಟು ರಾಜ್ಯಗಳ ಕೆಳಗೆ ಹಬ್ಬಿರುವ ಒಗಲಾಲ ಜಲಸ್ತರಕ್ಕೆ ಕೈ ಹಾಕಿದವು. ಟೆಕ್ಸಾಸ್, ಕಾನ್ಸಾಸ್‌ಗಳ ಎಷ್ಟೋ ಕಡೆ ಈಗ ನೀರು ಸಾಲದೆ ನೀರಾವರಿ ಬಿಟ್ಟು ಮಳೆಯಾಶ್ರಯದ ಬೇಸಾಯಕ್ಕೆ ಮರಳಿದ್ದಾರೆ.

ಉಚಿತ ಕರೆಂಟು ಇರದಿದ್ದರೆ ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರ ಎಂದೋ ನೆಲಕಚ್ಚುತ್ತಿದ್ದ ಎನ್ನುವವರ ಮಾತಿನಲ್ಲಿ ನಿಜವಿದೆ. ಬರದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವನಿಗೆ ಏಕಾಏಕಿ ಬಿಲ್ಲು ಹೇರುವುದು ಅನ್ಯಾಯವೇ. ಅದೇ ಬೆಳೆಗಾರ ಶಕ್ತಿಯನ್ನು ಎಷ್ಟು ಜಾಣತನದಿಂದ ಬಳಸಬಲ್ಲ ಎಂಬುದಕ್ಕೆ ಒಣದ್ರಾಕ್ಷಿ ಶೆಡ್ಡು ನೋಡಬೇಕು: ಪೊಟ್ಯಾಸಿಯಂ ಕಾರ್ಬೊನೇಟ್, ಎಣ್ಣೆ ಬೆರೆತ ನೀರಲ್ಲಿ ಅದ್ದಿದ ಗೊಂಚಲು, ಒಂದರ ಮೇಲೊಂದು ಜಾಲರಿ, ನಾಲ್ಕೂ ಕಡೆ ತೆರೆದ ನೆರಳು. ಎರಡು ವಾರದಲ್ಲಿ ಒಣಗಿಸುವುದು ಬರೀ ಗಾಳಿ. ಇನ್ನು ಕೆಲವರು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯೇ ಬಂದಳಲ್ಲ ಎನ್ನುತ್ತಾರೆ. ಬಂದದ್ದು ದೊಡ್ಡ ಭಾಗ್ಯ. ಆದರೆ ಏರು ಹತ್ತಿ ಬರುವ ಆ ನೀರಿಗೂ ಕರೆಂಟೇ ಬೇಕು, ಮತ್ತು ಜಿಲ್ಲೆಯಲ್ಲೇ ಇರುವ ಕೂಡಗಿಯ 2,400 ಮೆಗಾವಾಟ್ ಸ್ಥಾವರ ಉರಿಸುವುದು ದೂರದ ಕಲ್ಲಿದ್ದಲನ್ನು.

ಸೌರ ಪಂಪೇ ಪರಿಹಾರ ಎಂಬ ಮಾತು ನನಗೆ ಹೆಚ್ಚು ಚಿಂತೆ ತರುತ್ತದೆ. ಫಲಕ ಕೂಡಿಸಿದ ಮೇಲೆ ಬಿಸಿಲಿಗೆ ದುಡ್ಡಿಲ್ಲ, ಮೋಟಾರು ನಿಲ್ಲಿಸುವುದಕ್ಕೂ ಕಾರಣವಿಲ್ಲ. ಫಲಕವನ್ನು ಗ್ರಿಡ್ಡಿಗೆ ಜೋಡಿಸಿ, ಪಂಪು ಸುಮ್ಮನಿದ್ದಾಗ ಹರಿಯುವ ವಿದ್ಯುತ್ತನ್ನು ರೈತನಿಂದ ಒಳ್ಳೆಯ ಬೆಲೆಗೆ ಕೊಂಡರೆ ಮಾತ್ರ ನೀರು ಉಳಿಸಿದವನ ಕೈಗೂ ನಾಲ್ಕು ಕಾಸು ಬರುತ್ತದೆ.