ಇಂಗ್ಲಿಷ್ ಸೆಕ್ಷನ್‌ನಲ್ಲಿ ನಾವು ಯಾಕೆ ಒಂದೇ ತಪ್ಪನ್ನ ಮತ್ತೆ ಮತ್ತೆ ಮಾಡ್ತೀವಿ?

 

ಕಳೆದ ವಾರ ಹಾವೇರಿ ಕಡೆಯ ಒಬ್ಬ ತಂಗಿ ವಾಯ್ಸ್ ಮೆಸೇಜ್ ಕಳಿಸಿದ್ದಳು. “ಅಕ್ಕಾ, ಪಿಯುಸಿ ತನಕ ಕನ್ನಡ ಮೀಡಿಯಂ. ಮ್ಯಾಥ್ಸ್, ರೀಸನಿಂಗ್ ಆರಾಮ ಮಾಡ್ತೀನ್ರಿ. ಇಂಗ್ಲಿಷ್ ಬಂತಂದ್ರ ಕೈ ನಡಗ್ತಾವ. ಎರಡು ಸಲ ಬ್ಯಾಂಕ್ ಪ್ರಿಲಿಮ್ಸ್ ಹೋತು. ಮನ್ಯಾಗ ಇದ ಕಡೀ ಸಲ ಅಂದಾರ.”

ಅದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಯಾಕಂದ್ರೆ ಬಿ.ಕಾಂ ಮುಗಿಸಿದ ಮೇಲೆ ನನಗೂ ಇದೇ ಆಗಿತ್ತು. ಒಟ್ಟು ಅಂಕ ಚೆನ್ನಾಗಿತ್ತು, ಇಂಗ್ಲಿಷ್ ಒಂದರಲ್ಲಿ ಕಟ್ ಆಫ್ ದಾಟಲಿಲ್ಲ. ಅಲ್ಲಿಗೆ ಆ ವರ್ಷ ಮುಗೀತು. ಸೇರಿದ್ದ ಕೋಚಿಂಗ್ ಸೆಂಟರ್‌ನಲ್ಲಿ “ದಿನಕ್ಕೆ ಐವತ್ತು ಪದ ಬಾಯಿಪಾಠ ಮಾಡಿ” ಅಂದರು. ಮಾಡಿದೆ. ಸೋಮವಾರ ಕಲಿತದ್ದು ಗುರುವಾರಕ್ಕೆ ಮಾಯ.

ಮೊದಲು ಲೆಕ್ಕ ನೋಡೋಣ

ಐಬಿಪಿಎಸ್ ಕ್ಲರ್ಕ್ ಹುದ್ದೆಯನ್ನ ಈಗ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅಂತಾರೆ. ಅದರ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್‌ಗೆ 30 ಪ್ರಶ್ನೆ, 30 ಅಂಕ, 20 ನಿಮಿಷ. ಅಂದ್ರೆ ಒಂದು ಪ್ರಶ್ನೆಗೆ 40 ಸೆಕೆಂಡ್. ಒಂದು ತಪ್ಪಿಗೆ ಕಾಲು ಅಂಕ ಕಟ್. ಮೂರೂ ವಿಭಾಗದಲ್ಲಿ ಬೇರೆ ಬೇರೆಯಾಗಿ ಕಟ್ ಆಫ್ ದಾಟಬೇಕು. ಗಣಿತ, ರೀಸನಿಂಗ್ ಪ್ರಶ್ನೆಗಳನ್ನ ಕನ್ನಡದಲ್ಲಿ ಓದೋ ಅವಕಾಶ ಇದೆ. ಇಂಗ್ಲಿಷ್ ವಿಭಾಗ ಮಾತ್ರ ಇಂಗ್ಲಿಷ್‌ನಲ್ಲೇ. ಎಸ್ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷ್‌ನವು, 50 ಅಂಕ. ತಪ್ಪಿಗೆ ಅರ್ಧ ಅಂಕ ಹೋಗುತ್ತೆ. ಅರ್ಜಿ ಹಾಕೋ ಮೊದಲು ಆ ವರ್ಷದ ನೋಟಿಫಿಕೇಶನ್ ಒಮ್ಮೆ ನೋಡಿಬಿಡಿ.

ಅಂದಾಜಿಗೆ ಟಿಕ್ ಹಾಕೋರಿಗೆ ಒಂದು ಮಾತು. ಬ್ಯಾಂಕ್ ಪರೀಕ್ಷೆಯಲ್ಲಿ ಐದು ಆಯ್ಕೆ ಇರುತ್ತೆ. ಏನೂ ಗೊತ್ತಿಲ್ಲದೆ ಐದು ಪ್ರಶ್ನೆಗೆ ಉತ್ತರ ಹಾಕಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಒಂದು ಅಂಕ ಬಂತು, ಒಂದು ಅಂಕ ಹೋಯ್ತು. ಲಾಭ ಸೊನ್ನೆ, ಜೊತೆಗೆ ಟೈಮೂ ಹೋಯ್ತು. ಆದರೆ ಎರಡು ಆಯ್ಕೆ ಖಂಡಿತ ಅಲ್ಲ ಅಂತ ತೆಗೆದುಹಾಕೋಕೆ ಬಂದರೆ ಲೆಕ್ಕ ನಮ್ಮ ಕಡೆ ವಾಲುತ್ತೆ. ಹಾಗಾಗಿ ಪೂರ್ತಿ ಇಂಗ್ಲಿಷ್ ಪಂಡಿತರಾಗಬೇಕಿಲ್ಲ, ಯಾವುದು ತಪ್ಪು ಅಂತ ಗುರುತಿಸೋಕೆ ಬರಬೇಕು.

ತಪ್ಪುಗಳಿಗೆ ಒಂದು ಮೂಲ ಇದೆ

ಎರಡನೇ ವರ್ಷ ನಾನು ಹೊಸ ಪುಸ್ತಕ ತಗೊಳ್ಳಲಿಲ್ಲ. ಹಳೇ ಮಾಕ್ ಟೆಸ್ಟ್‌ಗಳನ್ನೆಲ್ಲ ತೆಗೆದು ತಪ್ಪಾದ ಗ್ರಾಮರ್ ಪ್ರಶ್ನೆಗಳನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದೆ. ನೂರಾರು ಥರದ ತಪ್ಪು ಇರಬಹುದು ಅಂದುಕೊಂಡಿದ್ದೆ. ನೋಡಿದರೆ ಅದೇ ನಾಲ್ಕೈದು ಜಾತಿ, ಮತ್ತೆ ಮತ್ತೆ. ಅವೆಲ್ಲ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆದಾಗ ಬರೋ ತಪ್ಪುಗಳು.

ಮೊದಲನೇದು ‘ಇಂದ’. ನಾವು “ಎರಡು ವರ್ಷದಿಂದ ಓದ್ತಿದ್ದೀನಿ” ಅಂತೀವಿ, “2023ರಿಂದ ಓದ್ತಿದ್ದೀನಿ” ಅಂತಲೂ ಅಂತೀವಿ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷ್‌ನಲ್ಲಿ ಹಾಗಲ್ಲ. ಎಷ್ಟು ಕಾಲ ಅಂತ ಹೇಳುವಾಗ ‘ಫಾರ್’, ಯಾವಾಗ ಶುರುವಾಯ್ತು ಅಂತ ಹೇಳುವಾಗ ‘ಸಿನ್ಸ್’. ಜೊತೆಗೆ ನಾವು “ಓದ್ತಿದ್ದೀನಿ” ಅಂತ ವರ್ತಮಾನ ಕಾಲ ಬಳಸ್ತೀವಿ, ಅದಕ್ಕೇ “ಐ ಆಮ್ ಸ್ಟಡಿಯಿಂಗ್ ಸಿನ್ಸ್ ಟೂ ಇಯರ್ಸ್” ಅಂದುಬಿಡ್ತೀವಿ. ಒಂದೇ ವಾಕ್ಯದಲ್ಲಿ ಎರಡು ತಪ್ಪು. ಸರಿಯಾದದ್ದು, “ಐ ಹ್ಯಾವ್ ಬೀನ್ ಸ್ಟಡಿಯಿಂಗ್ ಫಾರ್ ಟೂ ಇಯರ್ಸ್.”

ಎರಡನೇದು ‘ಗಿಂತ’. ಹೋಲಿಕೆ ಅಂದ ತಕ್ಷಣ ನಮ್ಮ ತಲೆ ‘ಗಿಂತ’ ಅನ್ನುತ್ತೆ, ಕೈ ‘ದ್ಯಾನ್’ ಅಂತ ಬರೆಯುತ್ತೆ. ಹೆಚ್ಚಿನ ಕಡೆ ಅದು ಸರೀನೇ. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಆದಮೇಲೆ ‘ಟು’ ಬರುತ್ತೆ. “ಐ ಪ್ರಿಫರ್ ಟೀ ಟು ಕಾಫಿ”, ಇಲ್ಲೂ ‘ಟು’. ಎರರ್ ಸ್ಪಾಟಿಂಗ್‌ನಲ್ಲಿ ಈ ಪದಗಳು ಕಂಡರೆ ಮೊದಲು ಅದರ ಪಕ್ಕ ಏನಿದೆ ಅಂತ ನೋಡಿ.

ಮೂರನೇದು ‘ನನ್ನ ಫ್ರೆಂಡ್ ಒಬ್ಬ’. ಕನ್ನಡದಲ್ಲಿ ಇಲ್ಲಿ ಬಹುವಚನ ಬೇಡ. ಹಾಗೇ ತರ್ಜುಮೆ ಮಾಡಿ “ಒನ್ ಆಫ್ ಮೈ ಫ್ರೆಂಡ್” ಅಂತೀವಿ. ಹಲವರ ಪೈಕಿ ಒಬ್ಬ ಅನ್ನೋ ಅರ್ಥ ಆದ್ದರಿಂದ ಅಲ್ಲಿ ‘ಫ್ರೆಂಡ್ಸ್’ ಬೇಕು. ಆದರೆ ಮಾತು ಆ ಒಬ್ಬನ ಬಗ್ಗೆ, ಹಾಗಾಗಿ ಕ್ರಿಯಾಪದ ಏಕವಚನ. “ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಟೀಚರ್.”

ನಾಲ್ಕನೇದು ನನ್ನನ್ನ ಹೆಚ್ಚು ಕಾಡಿದ್ದು. “ಮಾವಿನಹಣ್ಣುಗಳ ಗುಣಮಟ್ಟ ಚೆನ್ನಾಗಿದೆ.” ಈ ಕನ್ನಡ ವಾಕ್ಯದಲ್ಲಿ ‘ಗುಣಮಟ್ಟ’ ಮತ್ತು ಕ್ರಿಯಾಪದ ಪಕ್ಕಪಕ್ಕದಲ್ಲೇ ಕೂತಿವೆ, ತಪ್ಪೋ ಚಾನ್ಸೇ ಇಲ್ಲ. ಇಂಗ್ಲಿಷ್‌ನಲ್ಲಿ ಇದು ಉಲ್ಟಾ. “ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್...” ಕ್ವಾಲಿಟಿ ಮೊದಲೇ ಬಂದು ದೂರ ಹೋಯ್ತು, ಕ್ರಿಯಾಪದದ ಪಕ್ಕ ಮ್ಯಾಂಗೋಸ್ ಬಂದು ಕೂತಿತು. ನಮ್ಮ ಅಭ್ಯಾಸ ಪಕ್ಕದ ಪದ ನೋಡೋದು, ಹಾಗಾಗಿ ‘ಆರ್’ ಹಾಕ್ತೀವಿ. ಬೇಕಾದದ್ದು ‘ಈಸ್’. ಪರಿಹಾರ ಸುಲಭ. ‘ಆಫ್’ನಿಂದ ಶುರುವಾಗೋ ತುಂಡನ್ನ ಬೆರಳಿಂದ ಮುಚ್ಚಿ, ಉಳಿದದ್ದನ್ನ ಓದಿ. ಆದರೆ ‘ಎ ಲಾಟ್ ಆಫ್’, ‘ಸಮ್ ಆಫ್’ ಥರದ ಪ್ರಮಾಣ ಹೇಳೋ ಪದಗಳಿಗೆ ಇದು ನಡೆಯಲ್ಲ, ಅಲ್ಲಿ ‘ಆಫ್’ ಆದಮೇಲಿನ ಪದವನ್ನೇ ನೋಡಬೇಕು.

ಐದನೇದು ಬೇಡದ ಪದ. “ಆ ವಿಷಯದ ಬಗ್ಗೆ ಚರ್ಚೆ ಮಾಡಿದ್ವಿ” ಅಂತೀವಲ್ಲ, ಆ ‘ಬಗ್ಗೆ’ ಇಂಗ್ಲಿಷ್‌ಗೂ ಬಂದು “ಡಿಸ್ಕಸ್ಡ್ ಅಬೌಟ್” ಆಗುತ್ತೆ. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡ. “ವಾಪಸ್ ಬಂದ” ಅನ್ನೋದು “ರಿಟರ್ನ್ಡ್ ಬ್ಯಾಕ್” ಆಗುತ್ತೆ. ‘ರಿಟರ್ನ್’ ಒಳಗೇ ವಾಪಸ್ ಇದೆ.

ಪದಗಳನ್ನ ಜೋಡಿಯಾಗಿ ಕಲಿಯಿರಿ

ಪದಪಟ್ಟಿ ಯಾಕೆ ಮರೆತುಹೋಗುತ್ತೆ? ಪದ ಒಂಟಿಯಾಗಿರುತ್ತೆ, ಅದಕ್ಕೆ. ಕನ್ನಡದಲ್ಲಿ ಜೋರು ಮಳೆ, ಜೋರು ಗಾಳಿ, ಜೋರು ದನಿ. ಎಲ್ಲಕ್ಕೂ ‘ಜೋರು’ ಸಾಕು. ಇಂಗ್ಲಿಷ್‌ನಲ್ಲಿ ಹೆವಿ ರೇನ್, ಸ್ಟ್ರಾಂಗ್ ವಿಂಡ್, ಲೌಡ್ ವಾಯ್ಸ್. ಕ್ಲೋಜ್ ಟೆಸ್ಟ್ ಕೇಳೋದು ಹೆಚ್ಚಾಗಿ ಇದನ್ನೇ, ಯಾವ ಪದದ ಜೊತೆ ಯಾವ ಪದ ಬರುತ್ತೆ ಅಂತ. ಅದಕ್ಕೇ ‘ಹೆವಿ ಅಂದ್ರೆ ಭಾರ’ ಅಂತ ಬರೆದುಕೊಳ್ಳಬೇಡಿ, ‘ಹೆವಿ ರೇನ್’ ಅಂತಲೇ ಬರೆದುಕೊಳ್ಳಿ.

ಇನ್ನೊಂದು ದಾರಿ, ಒಂದು ಬೇರಿನ ಪದಗಳನ್ನ ಒಟ್ಟಿಗೆ ಹಿಡಿಯೋದು. ‘ಬೆನೆ’ ಅಂದ್ರೆ ಒಳ್ಳೇದು. ಬೆನಿಫಿಟ್, ಬೆನಿಫಿಶಿಯಲ್, ಬೆನೆವೊಲೆಂಟ್ ಎಲ್ಲ ಆ ಕುಟುಂಬ. ‘ಮಲ್’ ಅಂದ್ರೆ ಕೆಟ್ಟದ್ದು. ಮಲೆವೊಲೆಂಟ್ ಅಂತ ಹೊಸ ಪದ ಬಂದರೂ ಇದು ಒಳ್ಳೇ ಪದ ಅಲ್ಲ ಅಂತ ಊಹಿಸಬಹುದು. ಆಗ ಎರಡು ಆಯ್ಕೆ ಅಲ್ಲೇ ಹೊರಗೆ ಹೋಗುತ್ತೆ.

ನನ್ನ ಹಾಗೆ ಕಾಮರ್ಸ್ ಓದಿದವರಿಗೆ ಇನ್ನೊಂದು ಅನುಕೂಲ. ಡಿಪ್ರಿಸಿಯೇಷನ್, ಲಯಬಿಲಿಟಿ, ಸಾಲ್ವೆಂಟ್, ಪ್ರಿನ್ಸಿಪಲ್ ಎಲ್ಲ ಅಕೌಂಟ್ಸ್ ಪುಸ್ತಕದಲ್ಲೇ ಇದ್ದವು. ಡಿಪ್ರಿಸಿಯೇಟ್‌ನ ವಿರುದ್ಧ ಪದ ಅಪ್ರಿಸಿಯೇಟ್. ಅದಕ್ಕೆ ಮೆಚ್ಚೋದು ಅಂತಷ್ಟೇ ಅಲ್ಲ, ಬೆಲೆ ಏರೋದು ಅಂತಲೂ ಅರ್ಥ. ನೀವು ಯಾವ ವಿಷಯ ಓದಿದ್ದೀರೋ ಅದರ ಇಂಗ್ಲಿಷ್ ಪದಗಳಿಂದ ಶುರು ಮಾಡಿ.

ಇಡಿಯಮ್‌ಗಳು ಕಬ್ಬಿಣದ ಕಡಲೆ ಅಲ್ಲ

ಈಗ ‘ಕಬ್ಬಿಣದ ಕಡಲೆ’ ಅಂದೆನಲ್ಲ, ಇಂಗ್ಲಿಷ್‌ನ “ಎ ಹಾರ್ಡ್ ನಟ್ ಟು ಕ್ರ್ಯಾಕ್” ಅಂದ್ರೆ ಅದೇ. “ಆಡ್ ಫ್ಯೂಯಲ್ ಟು ದಿ ಫೈರ್” ಅಂದ್ರೆ ಬೆಂಕಿಗೆ ತುಪ್ಪ ಸುರಿಯೋದು. “ಟರ್ನ್ ಎ ಡೆಫ್ ಇಯರ್” ಅಂದ್ರೆ ನಮ್ಮ ಜಾಣಕಿವುಡು. “ಸಿಟ್ ಆನ್ ದಿ ಫೆನ್ಸ್” ಅಂದಾಗ ನನಗೆ ನೆನಪಾಗೋದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋರು, ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ. ಹೀಗೆ ಜೋಡಿ ಮಾಡಿಕೊಂಡರೆ ಬಾಯಿಪಾಠ ಬೇಡ.

ಒಂದೇ ಎಚ್ಚರ. ಕೆಲವು ಒಂದೇ ಥರ ಕಂಡರೂ ಪೂರ್ತಿ ಒಂದೇ ಅಲ್ಲ. ನಮ್ಮಲ್ಲಿ ‘ಕಾಲೆಳೆಯೋದು’ ಅಂದ್ರೆ ತಮಾಷೆ ಮಾಡೋದೂ ಹೌದು, ಮೇಲೆ ಹೋಗೋರನ್ನ ಕೆಳಗೆ ಎಳೆಯೋದೂ ಹೌದು. ಆದರೆ “ಪುಲ್ ಸಮ್‌ಒನ್ಸ್ ಲೆಗ್” ಅಂದ್ರೆ ತಮಾಷೆ ಮಾಡೋದು ಮಾತ್ರ. ಆಯ್ಕೆಗಳಲ್ಲಿ ‘ಏಳಿಗೆಗೆ ಅಡ್ಡಿ ಮಾಡೋದು’ ಅಂತ ಇದ್ದರೆ ಟಿಕ್ ಹಾಕಬೇಡಿ. ಗೊತ್ತಿಲ್ಲದ ಇಡಿಯಮ್ ಬಂದಾಗ ಅಕ್ಷರಶಃ ಅರ್ಥ ಕೊಡೋ ಆಯ್ಕೆಯನ್ನ ಅನುಮಾನದಿಂದ ನೋಡಿ. ಯಾರೋ ‘ಕೈಕೊಟ್ಟ’ ಅಂದ್ರೆ ಶೇಕ್ ಹ್ಯಾಂಡ್ ಮಾಡಿದ ಅಂತ ಅಲ್ಲ ತಾನೇ?

ದಿನಕ್ಕೆ ಮುಕ್ಕಾಲು ಗಂಟೆ

ನಾನು ಮಾಡಿದ್ದು ಇಷ್ಟೇ. 15 ನಿಮಿಷ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಜೋರಾಗಿ ಓದೋದು. ಪ್ರತಿ ಪದಕ್ಕೂ ಡಿಕ್ಷನರಿ ತೆಗೆಯೋದಿಲ್ಲ, ಐದೇ ಪದ. 15 ನಿಮಿಷ ಟೈಮರ್ ಇಟ್ಟು 20 ಪ್ರಶ್ನೆ. ಉಳಿದ 15 ನಿಮಿಷ ತಪ್ಪುಗಳ ನೋಟ್‌ಬುಕ್. ಅದರಲ್ಲಿ ನಾಲ್ಕು ಕಾಲಂ: ನಾನು ಹಾಕಿದ ಉತ್ತರ, ಸರಿಯುತ್ತರ, ಯಾಕೆ ತಪ್ಪಿದೆ, ನನ್ನದೇ ಒಂದು ವಾಕ್ಯ. ಮೂರನೇ ಕಾಲಂ ಖಾಲಿ ಬಿಟ್ಟರೆ ಉಳಿದ ಮೂರೂ ದಂಡ. ಬರೆದದ್ದನ್ನ ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ನೋಡಿ.

ಮುಂದಿನ ಸಲ ಇಂಗ್ಲಿಷ್ ದಾಟಿದೆ. ಮೇನ್ಸ್‌ನಲ್ಲಿ ಬೇರೆ ಕಾರಣಕ್ಕೆ ಹೋಯ್ತು, ಆಮೇಲೆ ಈ ಮೈಕ್ ಮುಂದೆ ಬಂದು ಕೂತೆ, ಆ ಕತೆ ಬೇರೆ. ಆದರೆ ಕೈ ನಡುಗೋದು ಅವತ್ತೇ ನಿಂತಿತು.

ಹಾವೇರಿ ತಂಗೀ, ನಿನಗೆ ಕನ್ನಡ ಚೆನ್ನಾಗಿ ಬರುತ್ತೆ, ಅದು ನಿನ್ನ ಕೊರತೆ ಅಲ್ಲ. ನಿನ್ನ ತಪ್ಪು ಎಲ್ಲಿಂದ ಬರ್ತಿದೆ ಅಂತ ನಿನಗೆ ತೋರಿಸೋದೇ ಆ ಕನ್ನಡ. ಹಳೇ ಮಾಕ್ ಟೆಸ್ಟ್ ಇಟ್ಕೊಂಡಿದ್ದರೆ ಇವತ್ತು ರಾತ್ರಿನೇ ತೆಗಿ. ಮನೇಲಿ ಕೊನೇ ಸಲ ಅಂದಿದ್ದಾರೆ ಅಂದರೆ, ಆ ನೋಟ್‌ಬುಕ್ ಅವರಿಗೂ ತೋರಿಸು. ನೀನು ಎಲ್ಲಿದ್ದೆ, ಈಗ ಎಲ್ಲಿಗೆ ಬಂದೆ ಅಂತ ಅದರಲ್ಲೇ ಕಾಣುತ್ತೆ.

ಎಲ್ಲರಿಗೂ ಒಂದು ಸಣ್ಣ ಹೋಮ್‌ವರ್ಕ್. ಈ ಮೂರರಲ್ಲಿ ತಪ್ಪು ಹುಡುಕಿ.

1. ದಿ ಲಿಸ್ಟ್ ಆಫ್ ಸೆಲೆಕ್ಟೆಡ್ ಕ್ಯಾಂಡಿಡೇಟ್ಸ್ ಹ್ಯಾವ್ ಬೀನ್ ಪಬ್ಲಿಶ್ಡ್.
2. ಶಿ ಈಸ್ ಜೂನಿಯರ್ ದ್ಯಾನ್ ಮೀ.
3. ಹಿ ಈಸ್ ವರ್ಕಿಂಗ್ ಹಿಯರ್ ಫ್ರಮ್ ಫೈವ್ ಇಯರ್ಸ್.

ಉತ್ತರ: ಒಂದರಲ್ಲಿ ‘ಹ್ಯಾಸ್’, ಎರಡರಲ್ಲಿ ‘ಟು’, ಮೂರರಲ್ಲಿ ‘ಹ್ಯಾಸ್ ಬೀನ್ ವರ್ಕಿಂಗ್’ ಮತ್ತು ‘ಫಾರ್’. ತಪ್ಪಾಗಿದ್ದರೆ ಬೇಜಾರು ಬೇಡ, ನೋಟ್‌ಬುಕ್‌ನ ಮೊದಲ ಪುಟಕ್ಕೆ ವಿಷಯ ಸಿಕ್ಕಿತು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.