ಹಿರಿಯೂರು ಸೀಮೆಯಲ್ಲಿ ಹಾವು ಮೊದಲಾದ ಉರಗಗಳನ್ನು ಅರಸಿ ಗುರುತಿಸುವ ಕ್ರಮ

ಹಿರಿಯೂರು ತಾಲ್ಲೂಕಿನ ಭೂಮಿಯು ಉರಗಗಳ ವಾಸಕ್ಕೆ ಬಹಳ ಅನುಕೂಲವಾದದ್ದು. ಮಳೆ ಕಡಿಮೆ, ಕಲ್ಲುಗುಡ್ಡ, ಕುರುಚಲು ಕಾಡು, ಎರೆಹೊಲ, ಕೆಮ್ಮಣ್ಣಿನ ಬೆದ್ದಲು ಇವು ಒಂದರ ಮಗ್ಗುಲಲ್ಲೊಂದು ಇರುವುವು. ಮಾರಿಕಣಿವೆಯಲ್ಲಿ ವೇದಾವತೀ ನದಿಗೆ 1898ರಿಂದ 1907ರವರೆಗೆ ವಾಣೀವಿಲಾಸ ಸಾಗರವನ್ನು ಕಟ್ಟಿದ ತರುವಾಯ ನಾಲೆಗಳ ಕೆಳಗೆ ತೋಟಗಳೂ ಎದ್ದುವು. ತಂಪು, ಕಪ್ಪೆ, ಇಲಿ ಇವು ಇರುವೆಡೆಗೆ ಹಾವು ತಾನಾಗಿ ಬರುವುದು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಮೃತರಾದವರು ವರ್ಷಕ್ಕೆ ಸರಾಸರಿ 58,000 ಮಂದಿಯೆಂದು ಅಂದಾಜಾಗಿದೆ. ಇವರಲ್ಲಿ ಹೆಚ್ಚಿನವರು ಹಳ್ಳಿಯವರು. ಆದಕಾರಣ ತನ್ನ ಹೊಲದಲ್ಲಿ ಯಾವ ಹಾವು ಎಲ್ಲಿದೆಯೆಂಬುದನ್ನು ಅರಿತಿರುವುದು ಪ್ರತಿಯೊಬ್ಬ ರೈತನಿಗೂ ಅವಶ್ಯಕ.

ಅರಸುವುದೆಂದರೆ ಹಿಡಿಯುವುದಲ್ಲ. ಇದು ಕಣ್ಣಿನ ಕೆಲಸವೇ ಹೊರತು ಕೈಯ ಕೆಲಸವಲ್ಲ. ಬೆಳಗಿನ ಜಾವ, ಬಂಡಿಗಳೂ ದನಗಳೂ ತುಳಿಯುವುದಕ್ಕೆ ಮುಂಚೆ, ದಾರಿಯ ಧೂಳನ್ನು ನೋಡತಕ್ಕದ್ದು. ಹಾವು ಹರಿದ ಕಡೆ ಬಳುಕಿದ ಗೆರೆಯೊಂದೇ ಕಾಣುವುದು. ಉಡ ನಡೆದಿದ್ದರೆ ನಡುವೆ ಬಾಲ ಎಳೆದ ಗೆರೆ, ಎರಡು ಪಕ್ಕಗಳಲ್ಲೂ ಉಗುರುಳ್ಳ ಹೆಜ್ಜೆ ಇರುವುವು. ಕಲ್ಲುಸಂದಿನಲ್ಲಿ ಸಿಕ್ಕಿರುವ ಪೊರೆಯೂ ಒಳ್ಳೆಯ ಗುರುತು. ಪೊರೆಯು ಕಳಚುವಾಗ ಹಿಗ್ಗುವುದರಿಂದ ಹಾವಿಗಿಂತ ಉದ್ದವಾಗಿರುವುದು. ಅದರ ಅಳತೆಯನ್ನು ಕಂಡು ಬೆದರಬೇಕಾಗಿಲ್ಲ. ಅಳಿಲು, ಗೊರವಂಕಗಳು ಒಂದೇ ಪೊದೆಯ ಸುತ್ತ ಬಿಡದೆ ಕೂಗುತ್ತಿದ್ದರೆ ಅಲ್ಲಿ ಹಾವಿರುವ ಸಂಭವ ಉಂಟು. ಹುತ್ತವನ್ನು ಕಟ್ಟುವುದು ಗೆದ್ದಲು; ಹಾವೂ ಉಡವೂ ಅದರಲ್ಲಿ ಬಾಡಿಗೆಯಿಲ್ಲದೆ ಸೇರಿಕೊಳ್ಳುವುವು. ಅದನ್ನು ಅಗೆಯಲಾಗದು, ಬಿಲದಲ್ಲಿ ಕೈಯಿಡಲಾಗದು. ಕಲ್ಲನ್ನು ಎತ್ತಲೇಬೇಕಾದರೆ ಉದ್ದನೆಯ ಕೋಲಿನಿಂದ, ತನ್ನ ಕಡೆಗೆ ಮರೆಯಾಗುವಂತೆ ಎತ್ತಿ, ನೋಡಿ, ಮತ್ತೆ ಇದ್ದಂತೆಯೇ ಇಡತಕ್ಕದ್ದು. ಕಾಯ್ದಿಟ್ಟ ಅರಣ್ಯದೊಳಕ್ಕೆ ಅರಣ್ಯ ಇಲಾಖೆಯವರ ಅಪ್ಪಣೆಯಿಲ್ಲದೆ ಹೋಗಲಾಗದು.

ಪ್ರಾಣಕ್ಕೆ ಅಪಾಯವುಂಟುಮಾಡುವ ಹಾವುಗಳಲ್ಲಿ ನಾಲ್ಕು ಮುಖ್ಯವಾದುವು. ನಾಗರವನ್ನು ಎಲ್ಲರೂ ಬಲ್ಲರು. ಕೊಳಕುಮಂಡಲವು ದಪ್ಪ ಮೈಯದು. ಬೆನ್ನಿನ ಮೇಲೆ ಸರಪಣಿಯಂತೆ ಮೂರು ಸಾಲು ಮಚ್ಚೆ. ಕೆಣಕಿದರೆ ತಿದಿಯೂದಿದಂತೆ ಬುಸುಗುಟ್ಟುವುದು. ಇದು ಹೆಜ್ಜೆಯ ಸಪ್ಪಳಕ್ಕೆ ಓಡದೆ ಬೆಳೆಯ ಬುಡದಲ್ಲಿ ಸುಮ್ಮನೆ ಬಿದ್ದಿರುವುದರಿಂದಲೇ ಹೆಚ್ಚು ಮಂದಿ ತುಳಿಯುತ್ತಾರೆ. ಗರಗಸಮಂಡಲವು ಒಂದೂವರೆ ಅಡಿಯನ್ನು ಮೀರುವುದು ಅಪರೂಪ. ಕಲ್ಲುಗಳ ಕೆಳಗಿರುವ ಇದು ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಗರಗರ ಶಬ್ದ ಮಾಡುವುದು. ಕಟ್ಟುಹಾವು ಹಗಲಲ್ಲಿ ಕಾಣದು. ಮಿರುಗುವ ಕಪ್ಪು ಮೈ, ಜೋಡಿಜೋಡಿಯಾದ ಸಣ್ಣ ಬಿಳಿಯ ಪಟ್ಟಿ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಇದು ಕಚ್ಚಿದರೆ ನೋವಾಗಲಿ ಬಾವಾಗಲಿ ಬಹುಶಃ ಇರದು. ಬೆಳಗಾಗುವುದರೊಳಗೆ ಹೊಟ್ಟೆ ನೊಂದು ರೆಪ್ಪೆಗಳು ಜೋಲಬಹುದು. ಕಣದಲ್ಲಿ ಕಾವಲು ಮಲಗುವವರು ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗತಕ್ಕದ್ದು.

ಕಡಲೆಕಾಯಿ ಗಿಡವನ್ನು ಕಿತ್ತು ಗುಡ್ಡೆ ಹಾಕಿದ ಮೇಲೆ ಅದರ ಕೆಳಗೆ ಇಲಿಯೂ, ಇಲಿಯ ಬೆನ್ನಿಗೆ ಹಾವೂ ಸೇರುವುವು. ಗುಡ್ಡೆಯನ್ನು ಕೈಯಿಂದ ತಬ್ಬಿ ಎತ್ತದೆ ಮೊದಲು ಕವೆಗೋಲಿನಿಂದ ಹೊರಳಿಸತಕ್ಕದ್ದು. ತೋಟಗಳಲ್ಲಿ ಸೋಗೆ ಮತ್ತು ತೆಂಗಿನ ಸಿಪ್ಪೆಯ ರಾಶಿಗೂ ಇದೇ ಕ್ರಮ. 1933ರ ನಂತರ 2022ರಲ್ಲಿ ಸಾಗರವು ಕೋಡಿ ಬಿದ್ದಂತೆ ನೀರು ಹೆಚ್ಚಿದ ವರ್ಷಗಳಲ್ಲಿ ಬಿಲಗಳು ಮುಳುಗಿ ಹಾವುಗಳು ದಿಣ್ಣೆಗೂ ಮನೆಯಂಗಳಕ್ಕೂ ಏರುವುವು. ಆಗ ಎಚ್ಚರ ಇಮ್ಮಡಿಯಾಗಬೇಕು.

ಉಳಿದವುಗಳಲ್ಲಿ ಬಹುಪಾಲು ರೈತನ ಬಂಟರು. ಕೇರೆಹಾವು ಹಗಲಲ್ಲಿ ತಿರುಗಿ ಬದುಗಳ ಇಲಿಗಳನ್ನು ಬಿಲದೊಳಕ್ಕೇ ಹೊಕ್ಕು ತಿನ್ನುವುದು. ಅದು ಹಸುವಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆಂಬ ಮಾತಿಗೆ ಆಧಾರವಿಲ್ಲ. ಹೀರುವ ಬಾಯಿಯೇ ಹಾವಿಗಿಲ್ಲ. ಈ ಮಾತನ್ನು ನಂಬಿ ಕೇರೆಯನ್ನು ಬಡಿದು, ಇಲಿಯ ಪಾಷಾಣಕ್ಕೆ ಹಣ ಸುರಿಯುವುದು ವಿಚಿತ್ರವೇ ಸರಿ. ಮಣ್ಣುಮುಕ್ಕ ಹಾವಿಗೆ ಎರಡು ತಲೆಯಿಲ್ಲ. ಮೊಂಡು ಬಾಲವೇ ತಲೆಯಂತೆ ತೋರುವುದು. ಅದರಿಂದ ನಿಧಿ ದೊರೆಯುವುದೆಂದು ಹೇಳಿ ಲಕ್ಷಗಟ್ಟಲೆ ಬೆಲೆಯ ಆಸೆ ತೋರಿಸುವವರು ಮೋಸಗಾರರು. ಅಂಥವರು ಊರಿಗೆ ಬಂದರೆ ಗ್ರಾಮದ ಮುಖ್ಯಸ್ಥರು ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಹಾವು, ಉಡಗಳನ್ನು ಹಿಡಿದು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

ಯಾರಿಗಾದರೂ ಹಾವು ಕಚ್ಚಿದರೆ ಗಾಯವನ್ನು ಕುಯ್ಯಲಾಗದು, ಹಗ್ಗ ಬಿಗಿಯಲಾಗದು, ಮಂತ್ರಕ್ಕೆಂದು ಹೊತ್ತು ಕಳೆಯಲಾಗದು. ಉಂಗುರ, ಬಳೆ, ಕಾಲ್ಗಡಗಗಳನ್ನು ತೆಗೆದು, ಕಚ್ಚಿದ ಕೈಕಾಲನ್ನು ದಬ್ಬೆಗೆ ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ, ರೋಗಿಯನ್ನು ನಡೆಸದೆ ಆಸ್ಪತ್ರೆಗೆ ಒಯ್ಯತಕ್ಕದ್ದು. 108ಕ್ಕೆ ಕರೆಮಾಡಿದರೆ ಗಾಡಿ ಬರುವುದು. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ವಿಷಕ್ಕೆ ಕೊಡುವ ಮದ್ದು ಮೇಲ್ಕಂಡ ನಾಲ್ಕು ಹಾವುಗಳಿಗೂ ಒಂದೇ. ಕಚ್ಚಿದ ವೇಳೆಯನ್ನು ಮಾತ್ರ ನೆನಪಿಟ್ಟು ವೈದ್ಯರಿಗೆ ಹೇಳಬೇಕು.