ಹತ್ತಕ್ಕೆ ಎಷ್ಟು ಕೊಡ್ತೀರಿ?

ನಮ್ಮ ಮನೆಯ ಟೀವಿ ಪಕ್ಕದಲ್ಲಿ ಕೆಂಪು ರಟ್ಟಿನ ಒಂದು ಲೆಡ್ಜರ್ ಇದೆ. ಅದು ಹಾಲಿನ ಲೆಕ್ಕದ್ದಲ್ಲ, ಪಿಂಚಣಿಯದ್ದೂ ಅಲ್ಲ, ಸಿನಿಮಾ ಲೆಕ್ಕದ್ದು. ದಿನಾಂಕ, ಚಿತ್ರದ ಹೆಸರು, ಆಮೇಲೆ ನಾನು, ನನ್ನಾಕೆ, ಮಗ, ಸೊಸೆ, ಮೊಮ್ಮಗಳು, ಮೊಮ್ಮಗ ಎಂದು ಆರು ಕಾಲಂ. ಭಾನುವಾರ ಎಲ್ಲರೂ ಕೂತು ಒಂದು ಸಿನಿಮಾ ನೋಡುತ್ತೇವೆ. ಮುಗಿದ ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತೇವೆ. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ಊರವರ ಲೆಕ್ಕ ಬರೆದ ನನಗೆ ಮನೆಯವರ ಈ ಲೆಕ್ಕ ಬರೆಯುವುದೆಂದರೆ ಬಲು ಖುಷಿ.

ನಮ್ಮ ಕಾಲದಲ್ಲಿ ಸಿನಿಮಾಕ್ಕೆ ಅಂಕವೆಲ್ಲಿತ್ತು? ಸೆಕೆಂಡ್ ಶೋ ಬಿಟ್ಟ ಮೇಲೆ ನಡೆದುಕೊಂಡು ಬರುವಾಗ ‘ಗಾಂಧಿ ಕ್ಲಾಸಿಗೆ ಮೋಸ ಇಲ್ಲ’, ‘ಇನ್ನೊಂದು ಸಲ ನೋಡಬಹುದು’ ಎಂದರೆ ಮುಗಿಯಿತು. ಈಗ ಮಕ್ಕಳು ಸಿನಿಮಾ ನೋಡುವ ಮೊದಲೇ ಮೊಬೈಲಿನಲ್ಲಿ ರೇಟಿಂಗ್ ನೋಡುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ನನಗೆ ತಿಳಿದದ್ದು ನಮ್ಮ ಮನೆಯ ಲೆಡ್ಜರಿನಿಂದಲೇ.

ಶುರುವಿನಲ್ಲಿ ಬಾಯಲ್ಲೇ ಹೇಳುತ್ತಿದ್ದೆವು. ಹಿರಿಯನೆಂದು ನಾನು ಮೊದಲು ‘ಒಂಬತ್ತು’ ಎಂದರೆ ಉಳಿದವರು ಎಂಟರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಸೊಸೆ ಇದನ್ನು ಗಮನಿಸಿ, “ಮಾವ, ಚೀಟಿಯಲ್ಲಿ ಬರೆಯೋಣ” ಎಂದಳು. ಚೀಟಿ ಬಂದದ್ದೇ ತಡ, ಮನೆಯಲ್ಲಿ ಆರು ಅಭಿಪ್ರಾಯ ಹುಟ್ಟಿಕೊಂಡವು!

ಮೊದಲ ಏಟು ನನಗೇ ಬಿತ್ತು. ‘ಬಂಗಾರದ ಮನುಷ್ಯ’ ಹಾಕಿದ್ದೆವು. 1972ರಲ್ಲಿ ಆ ಚಿತ್ರ ಬಂದಾಗ ನಾನು ಬಿ.ಕಾಂ. ವಿದ್ಯಾರ್ಥಿ. ಅದನ್ನು ನೋಡಿ ಎಷ್ಟೋ ಯುವಕರು ಹಳ್ಳಿಗೆ ಹಿಂತಿರುಗಿ ಬೇಸಾಯಕ್ಕಿಳಿದರೆಂದು ಜನ ಹೇಳುತ್ತಿದ್ದ ಕಾಲ. ನಾನು ಕಣ್ಣು ಮುಚ್ಚಿ ಹತ್ತು ಬರೆದೆ. ಹನ್ನೆರಡು ವರ್ಷದ ಮೊಮ್ಮಗಳ ಚೀಟಿಯಲ್ಲಿ ನಾಲ್ಕು! “ರಾಜಕುಮಾರ್‌ಗೆ ನಾಲ್ಕೇನೇ?” ಎಂದು ರೇಗಿದೆ. ಅವಳು ಹೆದರಲಿಲ್ಲ. “ಅವರಿಗೆ ಹತ್ತು ತಾತ, ಕಥೆಗೆ ನಾಲ್ಕು. ಎಲ್ಲರಿಗೂ ಅಷ್ಟೆಲ್ಲ ಮಾಡಿದವನು ಕೊನೆಗೆ ಮನೆ ಬಿಟ್ಟು ಹೋಗ್ತಾನೆ. ಇದ್ದು ಜಗಳ ಆಡಬೇಕಿತ್ತು” ಎಂದಳು. ಆ ರಾತ್ರಿ ಯೋಚಿಸಿದೆ. ನಾನು ಹತ್ತು ಕೊಟ್ಟದ್ದು ಈಗ ನೋಡಿದ ಚಿತ್ರಕ್ಕಲ್ಲ. ಗೆಳೆಯರೊಂದಿಗೆ ಕ್ಯೂ ನಿಂತು ಟಿಕೆಟ್ ಪಡೆದ ಆ ದಿನಕ್ಕೆ.

ಇನ್ನೊಂದು ಪಾಠ ಕಲಿಸಿದವನು ಎಂಟು ವರ್ಷದ ಮೊಮ್ಮಗ. 2022ರ ‘777 ಚಾರ್ಲಿ’ ನೋಡುತ್ತ ಹುಡುಗ ದಿಂಬು ಒದ್ದೆಯಾಗುವಷ್ಟು ಅತ್ತ. ಚೀಟಿ ಬಿಚ್ಚಿದರೆ ಎರಡು! ಯಾಕೋ ಎಂದರೆ, “ನಾಯಿ ಸಾಯೋ ಸಿನಿಮಾಗೆ ನಾನು ಮಾರ್ಕ್ಸ್ ಕೊಡಲ್ಲ” ಎಂದ. ಆ ಚಿತ್ರ ನಮ್ಮಲ್ಲಿ ಯಾರಿಗಾದರೂ ಎದೆಗೆ ನಾಟಿದ್ದರೆ ಅದು ಅವನಿಗೆ. ಅಂಕ ಮಾತ್ರ ಎರಡು.

ಈಗ ಲೆಕ್ಕಕ್ಕೆ ಬನ್ನಿ. ಚಾರ್ಲಿಗೆ ನಾವು ಕೊಟ್ಟದ್ದು 8, 7, 9, 9, 10, 2. ಒಟ್ಟು 45, ಸರಾಸರಿ ಏಳೂವರೆ. ಅದರ ಹಿಂದಿನ ವಾರ ನೋಡಿದ್ದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಚಿತ್ರಕ್ಕೆ 8, 7, 7, 8, 8, 7. ಅದರ ಒಟ್ಟೂ 45, ಸರಾಸರಿಯೂ ಏಳೂವರೆ! ಒಂದು ಚಿತ್ರ ಎಲ್ಲರಿಗೂ ಹಿತವಾಯಿತು, ಇನ್ನೊಂದು ಮನೆಯನ್ನೇ ಅಲ್ಲಾಡಿಸಿತು. ಸರಾಸರಿಗೆ ಎರಡೂ ಒಂದೇ. ಅಂದಿನಿಂದ ಅಂಕದ ಜೊತೆ ಒಂದು ಸಾಲು ಕಾರಣವನ್ನೂ ಬರೆಯಬೇಕೆಂದು ನಿಯಮ ಮಾಡಿದೆವು.

ಮೊಬೈಲಿನ ರೇಟಿಂಗೂ ಹೀಗೆಯೇ. ಐಎಂಡಿಬಿಯಲ್ಲಿ ಪ್ರೇಕ್ಷಕರು ಹತ್ತಕ್ಕೆ ಅಂಕ ಕೊಡುತ್ತಾರೆ. ರಾಟನ್ ಟೊಮ್ಯಾಟೋಸ್‌ನ ಶೇಕಡಾ ಲೆಕ್ಕ ಬೇರೆ. ನೂರು ವಿಮರ್ಶಕರಲ್ಲಿ ಎಷ್ಟು ಜನ ಚಿತ್ರವನ್ನು ಮೆಚ್ಚಿದರು ಎಂಬುದಷ್ಟೇ ಅದು. ಎಲ್ಲರೂ ‘ಪರವಾಗಿಲ್ಲ, ನೋಡಬಹುದು’ ಎಂದರೂ ನೂರಕ್ಕೆ ನೂರು ಬರುತ್ತದೆ. ಹಾಗೆಂದು ಅದು ಮಹಾನ್ ಚಿತ್ರವೆಂದು ಅರ್ಥವಲ್ಲ.

ಇನ್ನು ನಾನು ನಾಚಿಕೊಂಡ ವಿಷಯ. ಬ್ಯಾಂಕಿನ ಅಭ್ಯಾಸ, ಮಾರ್ಚ್ 31ಕ್ಕೆ ಲೆಡ್ಜರ್ ಮುಕ್ತಾಯ ಮಾಡೋಣವೆಂದು ಮೊಮ್ಮಗಳನ್ನು ಕೂರಿಸಿಕೊಂಡೆ. ವರ್ಷದಲ್ಲಿ 41 ಸಿನಿಮಾ ನೋಡಿದ್ದೆವು. ಅವಳು ಪುಟ ತಿರುವಿ, “ತಾತ, ಅಜ್ಜಿ ಕಾಲಂ ಕೂಡೋದೇ ಬೇಡ. 41 ಇಂಟು 7, 287” ಎಂದಳು. ಎಲ್ಲದಕ್ಕೂ ಏಳು! ಕಾರಣದ ಸಾಲಿನಲ್ಲಿ ಎಲ್ಲ ಕಡೆ ‘ಚೆನ್ನಾಗಿದೆ’. ಒಂದೇ ಅಂಕಿ 41 ಸಲ ಬಂದರೆ ಯಾವ ಆಡಿಟರ್ ಆದರೂ ಪೆನ್ಸಿಲ್ ಗುರುತು ಹಾಕುತ್ತಾನೆ. ಬಿ.ಕಾಂ.ನಲ್ಲಿ ಸಂಖ್ಯಾಶಾಸ್ತ್ರ ಓದಿದ ನನಗೆ ಅದು ಕಂಡೇ ಇರಲಿಲ್ಲ.

ಮೊಮ್ಮಗಳು ಅಡುಗೆಮನೆಗೆ ಓಡಿ ಕೇಳಿಯೇಬಿಟ್ಟಳು. ನನ್ನಾಕೆ ಒಗ್ಗರಣೆ ಹಾಕುತ್ತಲೇ, “ಅರ್ಧ ಸಿನಿಮಾ ಆದಾಗ ನಿಮಗೆ ಕಾಫಿ, ಅವಲಕ್ಕಿ ಅಂತ ಎದ್ದು ಬರ್ತೀನಲ್ಲ ಪುಟ್ಟಿ. ಪೂರ್ತಿ ನೋಡದೆ ಹೆಚ್ಚು ಕಡಿಮೆ ಕೊಟ್ಟರೆ ತಪ್ಪಾಗುತ್ತೆ. ಏಳು ಅಂದ್ರೆ ಯಾರಿಗೂ ಬೇಜಾರಿಲ್ಲ” ಎಂದಳು. ಮದುವೆಯಾಗಿ 47 ವರ್ಷ. ಥಿಯೇಟರಿನಲ್ಲೂ ಮಗುವನ್ನೆತ್ತಿಕೊಂಡು ಹೊರಗೆ ನಿಲ್ಲುತ್ತಿದ್ದವಳು ಅವಳೇ ಎಂದು ಆಗ ನೆನಪಾಯಿತು.

ಮರುವಾರದಿಂದ ತಿಂಡಿ ಸಿನಿಮಾಕ್ಕೆ ಮೊದಲೇ ತಯಾರು. ಅಜ್ಜಿ ಎದ್ದರೆ ರಿಮೋಟಿನಲ್ಲಿ ನಿಲುಗಡೆ. ಹಾಗೆ ಅವಳು ಪೂರ್ತಿ ನೋಡಿದ ಮೊದಲ ಚಿತ್ರ 1985ರ ‘ಬೆಟ್ಟದ ಹೂವು’. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಬಾಲಕ ಪುನೀತ್‌ಗೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಕಾಸು ಕೂಡಿಡುವ ಬಡ ಹುಡುಗ, ಮನೆಯವರು ಚಳಿಯಲ್ಲಿ ನಡುಗುವುದನ್ನು ನೋಡಲಾರದೆ ಆ ದುಡ್ಡಿನಲ್ಲಿ ಕಂಬಳಿ ತರುತ್ತಾನೆ. ನಾವೆಲ್ಲ ಎಂಥ ತ್ಯಾಗ ಎಂದು ಒಂಬತ್ತು, ಹತ್ತು ಕೊಟ್ಟೆವು. ನನ್ನಾಕೆಯ ಚೀಟಿಯಲ್ಲಿ ಐದು. ಪಕ್ಕದಲ್ಲಿ ಕಾರಣ: ‘ಕಂಬಳಿ ದೊಡ್ಡವರು ತರಬೇಕಿತ್ತು. ಹುಡುಗ ಪುಸ್ತಕವನ್ನೇ ಕೊಳ್ಳಬೇಕಿತ್ತು.’

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ, ತಮ್ಮಂದಿರು ಓದಲಿ ಎಂದು ಅವಳನ್ನು ಶಾಲೆ ಬಿಡಿಸಿದ್ದರು. ಆ ಮಾತನ್ನು ಅವಳು ಎಂದೂ ದೂರಾಗಿ ಹೇಳಿದವಳಲ್ಲ. ನಾನೂ ಕೇಳಿರಲಿಲ್ಲ. ಆ ರಾತ್ರಿ ಕೇಳಿದೆ. ಬಹಳ ಹೊತ್ತು ಮಾತಾಡಿದೆವು.

ಮಕ್ಕಳೇ, ನೀವೂ ಮನೆಯಲ್ಲಿ ಹೀಗೊಂದು ಪುಸ್ತಕ ಇಡಿ. ಖರ್ಚಿಲ್ಲ, ಹಳೆಯ ನೋಟ್‌ಬುಕ್ ಸಾಕು. ಅಂಕವನ್ನು ಮಾತಾಡುವ ಮೊದಲೇ ಚೀಟಿಯಲ್ಲಿ ಬರೆಯಿರಿ, ಕಾರಣ ಒಂದು ಸಾಲು ಇರಲಿ. ಕಡಿಮೆ ಕೊಟ್ಟವರನ್ನು ಗದರಿಸಬೇಡಿ, ಕೇಳಿ. ಮುಖ್ಯವಾಗಿ, ಎಲ್ಲರೂ ಪೂರ್ತಿ ಸಿನಿಮಾ ನೋಡಿದ್ದಾರೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ.

ಈ ಭಾನುವಾರದ ಚಿತ್ರವನ್ನು ನನ್ನಾಕೆಯೇ ಆರಿಸಿದ್ದಾಳೆ. ಯಾವುದೆಂದು ಇನ್ನೂ ಹೇಳಿಲ್ಲ. ಅವಲಕ್ಕಿ ಒಗ್ಗರಣೆ ಮಾತ್ರ ನನ್ನ ಪಾಲಿಗೆ ಬಂದಿದೆ. ಅದಕ್ಕೂ ಅಂಕ ಕೊಡುತ್ತಾರಂತೆ!